ಹಿಮಾಯತ್‌ನಗರದ ನಾಲಾ, ರಾಯಚೂರಿನ ಬಚ್ಚಲು

ಹಿಮಾಯತ್‌ನಗರದಲ್ಲಿ ಮನೆ ಹುಡುಕುವವರಿಗೆ ಇಲ್ಲಿನ ಹಳಬರು ಮೊದಲು ಕೇಳುವ ಪ್ರಶ್ನೆ, 'ನಾಲಾ ಕಡೆಗಾ, ಮೇನ್ ರೋಡ್ ಕಡೆಗಾ?' ಎಂಬುದು. ಬಾಡಿಗೆಯ ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತದೆ. ಹುಸೇನ್ ಸಾಗರ ತುಂಬಿದರೆ ಹೆಚ್ಚಿನ ನೀರು ಹರಿದುಹೋಗಲೆಂದು ಇರುವ ಸರ್‌ಪ್ಲಸ್ ನಾಲಾ ನಮ್ಮ ಬಡಾವಣೆಯ ಮಗ್ಗುಲಲ್ಲೇ ಹಾದು, ಅಶೋಕನಗರ, ನಲ್ಲಕುಂಟ, ಅಂಬರ್‌ಪೇಟೆಗಳ ಮೂಲಕ ಮೂಸಿ ನದಿಗೆ ಸೇರುತ್ತದೆ. ಹೆಸರಿಗೆ ಕೆರೆಯ ಕೋಡಿ ನೀರಿನ ಕಾಲುವೆ. ಬೇಸಿಗೆಯಲ್ಲಿ ಅದರಲ್ಲಿ ಹರಿಯುವುದು ಕೋಡಿಯ ನೀರಲ್ಲ ಎಂಬುದನ್ನು ತಿಳಿಯಲು ಕಣ್ಣು ಬೇಕಿಲ್ಲ, ಮೂಗು ಸಾಕು. 2000ದ ಆಗಸ್ಟ್ ಮಳೆಯಲ್ಲಿ ಇದೇ ನಾಲಾ ಉಕ್ಕಿ ಮನೆಗಳಿಗೆ ನುಗ್ಗಿದ್ದನ್ನು ಹಳಬರು ಇನ್ನೂ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ: 'ಇಲ್ಲಿವರೆಗೆ ಬಂದಿತ್ತು.'

ಕಟ್ಟಡಗಳ ನೀರು ಮತ್ತು ಚರಂಡಿಯ ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು. ಇದೇ ಬಡಾವಣೆಯ ಒಂದು ಓಣಿಯಲ್ಲಿ, ಎರಡನೇ ಮಹಡಿಯಲ್ಲಿ ಕೂತು ನಾನು ಗೀಚುವ ಪ್ರತಿ ಗೆರೆಯೂ ಕೊನೆಗೆ ರಸ್ತೆಯ ಕೆಳಗಿನ ಕೊಳವೆಗೆ ಹೋಗಿ ಮುಟ್ಟಬೇಕು. ಅಲ್ಲಿಗೆ ನನ್ನ ಜವಾಬ್ದಾರಿ ತೀರಿತು. ಆಮೇಲಿನದು ಊರಿನದು. ಊರಿಗೆ ಅಂಬರ್‌ಪೇಟೆಯಲ್ಲಿ ದಿನಕ್ಕೆ 33.9 ಕೋಟಿ ಲೀಟರ್ ಕೊಳಚೆ ಶುದ್ಧಗೊಳಿಸುವ ಸಾಮರ್ಥ್ಯದ ಘಟಕವಿದೆ. ಪಂಪು, ಮೋಟಾರು, ಗಾಳಿ ಊದುವ ಯಂತ್ರ, ಪಾಳಿಯ ಮೇಲೆ ಬರುವ ಆಪರೇಟರು, ಕರೆಂಟಿನ ಬಿಲ್ಲು ಎಲ್ಲವೂ ಇವೆ. ಇಷ್ಟಿದ್ದೂ ನಾಲಾದ ವಾಸನೆ ಹೋಗಿಲ್ಲ ಎನ್ನುವುದು ಬೇರೆ ಮಾತು.

ಈ ಊರಿನ ಚರಂಡಿಗೆ ಒಬ್ಬ ಕನ್ನಡಿಗರ ನೆನಪು ಅಂಟಿಕೊಂಡಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ, ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ನದಿಯ ಮೇಲ್ಗಡೆ ಜಲಾಶಯ ಕಟ್ಟಿ ನೆರೆ ತಡೆಯಿರಿ ಎಂದು ಅವರು ಸಲಹೆ ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಬಂದವು. ನಮ್ಮ ಬಡಾವಣೆಯದೂ ಅದೇ ಹಿಮಾಯತ್ ಹೆಸರು. ನೆರೆಯ ಕೆಲಸದ ಜೊತೆಗೇ ಊರಿನ ಒಳಚರಂಡಿಯ ಯೋಜನೆಯನ್ನೂ ಅವರು ಹಾಕಿಕೊಟ್ಟಿದ್ದರು. ಕೆಆರ್‌ಎಸ್ ಬಗ್ಗೆ ಮಾತನಾಡುವಷ್ಟು ಉತ್ಸಾಹದಿಂದ ನಾವು ಈ ಚರಂಡಿಯ ಬಗ್ಗೆ ಮಾತನಾಡುವುದಿಲ್ಲ. ಅಣೆಕಟ್ಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಹುದು, ಮ್ಯಾನ್‌ಹೋಲ್ ಮುಂದೆ ನಿಂತು ಯಾರು ತೆಗೆಸಿಕೊಳ್ಳುತ್ತಾರೆ?

ರಸ್ತೆಯ ಕೆಳಗೆ ಕೊಳವೆಯೇ ಇಲ್ಲದ ಕಡೆ ಏನು ಮಾಡಬೇಕು ಎಂದು ನನಗೆ ಯಾರೂ ಕೇಳಿರಲಿಲ್ಲ. ಹೋದ ವರ್ಷ ಅಕ್ಕನ ಮಗಳು ಕೇಳಿದಳು. ರಾಯಚೂರು ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಅವಳು ವಾರ್ಡನ್. ಶಾಲೆಯ ಹೆಸರು ಇಲ್ಲಿ ಬೇಡ. ಅಂಥವು ಆ ಸೀಮೆಯಲ್ಲಿ ಬೇಕಾದಷ್ಟಿವೆ. 'ಮಾಮಾ, ಸಾಲಿ ಹಿಂದ ಬಚ್ಚಲ ನೀರು ನಿಂತು ಕೆರಿ ಆಗ್ಯಾದ. ಹಂದಿ ಬಂದು ಮಲಗ್ತಾವ. ಇತ್ಲಾಗ ಪಾಯಖಾನಿಗೆ ಹಾಕಲಿಕ್ಕೆ ನೀರಿಲ್ಲ. ನೀವು ಇಂಥದೇ ಕೆಲಸ ಮಾಡ್ತೀರಲ್ಲ, ಒಂದು ಸಲ ಬಂದು ನೋಡ್ರಿ' ಎಂದಳು.

ಒಂದೇ ಕಾಂಪೌಂಡಿನಲ್ಲಿ ನೀರು ಹೆಚ್ಚಾಗಿ ಕೆರೆ, ನೀರು ಸಾಲದೆ ಬೀಗ ಬಿದ್ದ ಶೌಚಾಲಯ. ಅವಳ ಎರಡು ವಾಕ್ಯ ತಲೆಯಲ್ಲಿ ಕೂತುಬಿಟ್ಟವು.

ಹೊರಡುವ ಮೊದಲು ನನಗೆ ನೆನಪಾದದ್ದು ನೆಕ್ನಾಂಪುರ ಕೆರೆ. ಮೆಹದಿಪಟ್ನಂ ದಾಟಿ ಮಣಿಕೊಂಡದ ಪಕ್ಕದಲ್ಲಿರುವ ಈ ಕೆರೆಯಲ್ಲಿ 2018ರ ಫೆಬ್ರವರಿ 2ರಂದು, ವಿಶ್ವ ಜೌಗುಭೂಮಿ ದಿನದಂದು, ಧ್ರುವಾಂಶ್ ಎಂಬ ಸ್ವಯಂಸೇವಾ ಸಂಸ್ಥೆ 3,000 ಚದರ ಅಡಿಯ ಒಂದು ತೇಲುವ ಜೌಗನ್ನು ಬಿಟ್ಟಿತು. ಆ ವರ್ಷವೇ ಹೋಗಿ ನೋಡಿದ್ದೆ. ಬಿದಿರಿನ ತಡಿಕೆ, ಅದರ ಮೇಲೆ ಥರ್ಮೊಕೋಲ್, ಗೋಣಿತಟ್ಟು, ಜಲ್ಲಿ. ಅದರಲ್ಲಿ ಲಾವಂಚ, ಕಾಬಾಳೆ, ಜೊಂಡು, ದಾಸವಾಳ. ಮಣ್ಣೇ ಇಲ್ಲ. ಬೇರು ನೇರವಾಗಿ ಕೊಳಚೆಗೆ ಇಳಿಬಿದ್ದಿರುತ್ತದೆ. ದಂಡೆಯಲ್ಲಿ ನಿಂತವರೊಬ್ಬರು 'ಯೇ ಬಗೀಚಾ ಪಾನೀ ಪೇ ಕೈಸಾ ಖಡಾ ಹೈ ಮಿಯಾಂ?' ಎಂದು ಬೆರಗಾಗಿದ್ದರು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೂಡ ಊರ ಚರಂಡಿ ನೀರನ್ನು ಜೊಂಡು, ಕಾಬಾಳೆ ಬೆಳೆದ ಜಲ್ಲಿ ಮಡಿಗಳಲ್ಲಿ ಹಾಯಿಸಿ ಹೊಲಕ್ಕೆ ಬಿಡುವ ಪ್ರಯೋಗಗಳನ್ನು ನಡೆಸಿದೆ. ತೇಲುವ ತಡಿಕೆ ಕೆರೆಗೆ ಸರಿ. ಶಾಲೆಗೆ ಬೇಕಾದದ್ದು ಈ ಎರಡನೆಯದು, ಜಲ್ಲಿಯ ಮಡಿ.

ಇದರ ಕೆಲಸ ಸರಳ. ಸೊಂಟಕ್ಕಿಂತ ಕಡಿಮೆ ಆಳದ, ತಳದಲ್ಲಿ ನೀರು ಇಂಗದಂಥ ಉದ್ದನೆಯ ತೊಟ್ಟಿ. ಅದರ ತುಂಬ ಜಲ್ಲಿ. ಜಲ್ಲಿಯ ಮೇಲೆ ಜೊಂಡು. ಒಂದು ತುದಿಯಲ್ಲಿ ಕೊಳೆ ನೀರು ಒಳಗೆ, ಇನ್ನೊಂದು ತುದಿಯಲ್ಲಿ ಹೊರಗೆ, ಇಳಿಜಾರಿನ ಮೇಲೇ ನಡೆಯುತ್ತದೆ, ಮೋಟಾರು ಬೇಡ. ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ಒಂದು ಗೇಣು ಕೆಳಗೇ ಇರುವಂತೆ ಹೊರ ಕೊಳವೆಯನ್ನು ಕೂರಿಸಬೇಕು, ಆಗ ಸೊಳ್ಳೆಗೆ ಮೊಟ್ಟೆಯಿಡಲು ನೀರೇ ಕಾಣುವುದಿಲ್ಲ. ಗಿಡ ಕೊಳೆಯನ್ನೆಲ್ಲ ಕುಡಿದುಬಿಡುತ್ತದೆ ಎಂದು ಜನ ತಿಳಿದಿದ್ದಾರೆ. ಅದು ಅಷ್ಟು ನಿಜವಲ್ಲ. ದುಡಿಯುವುದು ಮುಖ್ಯವಾಗಿ ಜಲ್ಲಿಗೂ ಬೇರಿಗೂ ಲೋಳೆಯಂತೆ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳು. ಬೇರು ಅವಕ್ಕೆ ಮನೆ ಕೊಡುತ್ತದೆ, ಒಂದಿಷ್ಟು ಉಸಿರು ಕೊಡುತ್ತದೆ, ಜಲ್ಲಿ ಗಟ್ಟಿಯಾಗದಂತೆ ಸಡಿಲಿಸುತ್ತಿರುತ್ತದೆ. ಜರ್ಮನಿಯಲ್ಲಿ ಕೇಟೆ ಸೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಜೊಂಡಿನ ಮೇಲೆ ಈ ಪ್ರಯೋಗ ಶುರು ಮಾಡಿದಾಗ ಚರಂಡಿ ಎಂಜಿನಿಯರುಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲು ಬಹಳ ಕಾಲ ಹಿಡಿಯಿತು. ನಮ್ಮ ವೃತ್ತಿಯ ಅಹಂಕಾರ ನನಗೆ ಗೊತ್ತು, ಆಶ್ಚರ್ಯವಾಗಲಿಲ್ಲ.

ನಮ್ಮ ದೇಶದಲ್ಲಿ ಇಂಥ ಮೊದಲ ಜೌಗು ಎಂದು ದಾಖಲಾಗಿರುವುದೂ ಒಂದು ಶಾಲೆಯಲ್ಲೇ, ಭುವನೇಶ್ವರದ ಸೈನಿಕ ಶಾಲೆಯಲ್ಲಿ. 90 ಮೀಟರ್ ಉದ್ದ, 30 ಮೀಟರ್ ಅಗಲ. ಮಧ್ಯಪ್ರದೇಶದ ಧಾರ್ ಮತ್ತು ಝಾಬುವಾ ಜಿಲ್ಲೆಗಳ ಆದಿವಾಸಿ ಆಶ್ರಮ ಶಾಲೆಗಳಲ್ಲಿ ನೀರಿ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಬಚ್ಚಲ ನೀರನ್ನು ಜಲ್ಲಿ ಮರಳಿನಲ್ಲಿ ಸೋಸಿ ಶೌಚಾಲಯಕ್ಕೆ ಬಳಸಿದವು. ಆ ಅನುಭವದ ಕೈಪಿಡಿ 2007ರಲ್ಲಿ ಬಂತು. ಜೊಂಡಿರಲಿ ಬಿಡಲಿ, ಕೊರತೆಯ ಊರಿನಲ್ಲಿ ಸ್ನಾನದ ನೀರು ಇನ್ನೊಂದು ಸಲ ದುಡಿಯಬೇಕು ಎಂಬ ಮಾತು ಅಲ್ಲಿ ಸಿಕ್ಕಿತು.

ಇಮ್ಲಿಬನ್ ಬಸ್ ನಿಲ್ದಾಣದಿಂದ ರಾಯಚೂರಿಗೆ ಹೆಚ್ಚುಕಡಿಮೆ 200 ಕಿಲೋಮೀಟರ್. ಮಹಬೂಬನಗರ ದಾಟಿದ ಮೇಲೆ ಹಸಿರು ತೆಳುವಾಗುತ್ತ ಬಂಡೆಗಳು ದಪ್ಪವಾಗುತ್ತವೆ. ಮಕ್ತಲ್ ಕಳೆದರೆ ಬಸ್ಸಿನೊಳಗಿನ ತೆಲುಗಿನಲ್ಲಿ ಕನ್ನಡ ಸೇರತೊಡಗುತ್ತದೆ. ಕೃಷ್ಣಾ ಮಂಡಲದ ಹಳ್ಳಿಗಳು ತೆಲಂಗಾಣದಲ್ಲಿದ್ದರೂ ಅಲ್ಲಿನ ಎಷ್ಟೋ ಮನೆಗಳ ಮಾತು ಕನ್ನಡವೇ. 1956ರವರೆಗೆ ಇದೆಲ್ಲ ಒಂದೇ ರಾಜ್ಯ, ಹೈದರಾಬಾದ್ ರಾಜಧಾನಿ. ನನ್ನ ಅಜ್ಜನಿಗೆ ಹಿಮಾಯತ್‌ನಗರ ಪರಸ್ಥಳವಾಗಿರಲಿಲ್ಲ. ನಾನು ಅಲ್ಲಿ ವಲಸಿಗ. ಸೇತುವೆ ಬಂದಾಗ ಶಕ್ತಿನಗರದ ಚಿಮಣಿಗಳು ಕಾಣುತ್ತವೆ, ಕೆಳಗೆ ಕೃಷ್ಣೆ. ಇಷ್ಟು ದೊಡ್ಡ ಹೊಳೆ ಹರಿಯುವ ಜಿಲ್ಲೆಯಲ್ಲಿ ಕೊಡ ಹಿಡಿದ ಸಾಲು ಯಾಕೆ ಎಂದು ಪ್ರತಿ ಸಲ ದಾಟುವಾಗಲೂ ಅನ್ನಿಸುತ್ತದೆ.

ರಾಯಚೂರು ಮರುಭೂಮಿಯಲ್ಲ. ಆದರೆ ಏಪ್ರಿಲ್ ಕೊನೆಗೆ ಆ ಶಾಲೆಯ ಅಂಗಳದಲ್ಲಿ ನಿಂತವರಿಗೆ ಈ ಮಾತು ಹೇಳಿ ನೋಡಿ. ಸುತ್ತ ಒಂದು ಮೈಲಿ ಮರವಿಲ್ಲ. ಮಕ್ಕಳು 220. ಒಂದು ಬೋರ್‌ವೆಲ್, ಉಪ್ಪು ನೀರು. ಕಡಿಮೆಯಾದರೆ ಟ್ಯಾಂಕರ್. ವಸತಿ ಶಾಲೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂದು ಭಾರತೀಯ ಮಾನಕ ಹೇಳುತ್ತದೆ. ಹೈದರಾಬಾದಿನಲ್ಲಿ ಕೂತು ನಕ್ಷೆ ಬರೆದಿದ್ದರೆ ನಾನೂ ಅದನ್ನೇ ಗುಣಿಸಿ 30,000 ಲೀಟರ್ ಎಂದು ಬರೆಯುತ್ತಿದ್ದೆ. ಅಕ್ಕನ ಮಗಳು ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ವಾರ ಬಕೆಟ್ ಎಣಿಸಿ ಬರೆದಿಟ್ಟಿದ್ದಳು. ಕೂಡಿಸಿದರೆ 14,000 ಲೀಟರ್, ಮಾನಕದ ಅರ್ಧವೂ ಇಲ್ಲ. ಅದರಲ್ಲಿ ಸ್ನಾನ, ಬಟ್ಟೆ, ತಾಟು ತೊಳೆಯುವುದಕ್ಕೆ 8,800. ಶೌಚಕ್ಕೆ 3,300. ಉಳಿದದ್ದು ಅಡುಗೆಗೆ, ಕುಡಿಯಲು.

'ರಾತ್ರಿ ಬ್ಯಾರಲ್ ಖಾಲಿ ಇರ್ತಾವ ಮಾಮಾ. ಅದಕ್ಕ ಹುಡುಗೀರು ಸಂಜಿ ಆದಮ್ಯಾಲ ನೀರು ಕುಡಿಯೋದೇ ಬಿಡ್ತಾರ. ಊಟದಾಗೂ ಒಂದ್ ಗುಟುಕು' ಎಂದಳು. ಅದನ್ನು ಅವಳು ದೂರಿನಂತೆ ಹೇಳಲಿಲ್ಲ. ಬಕೆಟ್ ಲೆಕ್ಕದ ಇನ್ನೊಂದು ಸಾಲು ಓದಿದಂತೆ ಹೇಳಿದಳು. 40 ಡಿಗ್ರಿ ಬಿಸಿಲಿನಲ್ಲಿ ಹನ್ನೆರಡು ವರ್ಷದ ಹುಡುಗಿಯರು ನೀರು ಬಿಡುವ ಲೆಕ್ಕ. ಆ 3,300 ಲೀಟರ್ ಬೇರೆ ಕಡೆಯಿಂದ ಬಂದರೆ ಬ್ಯಾರಲ್ ಖಾಲಿಯಾಗುವುದಿಲ್ಲ. ಆ ಬೇರೆ ಕಡೆ ಶಾಲೆಯ ಹಿಂದೆಯೇ ಇತ್ತು, ಹಂದಿ ಮಲಗಿದ್ದ ಕಡೆ.

ನಮ್ಮ ಹಿರಿಯರು ಬಚ್ಚಲ ನೀರನ್ನು ಹಿತ್ತಲ ಬಾಳೆಗೆ, ಕೆಸುವಿಗೆ ಬಿಡುತ್ತಿದ್ದರಲ್ಲ, ಅದೇ ತಾನೆ ಇದು ಎಂದು ಅಲ್ಲಿನ ಮೇಷ್ಟ್ರೊಬ್ಬರು ಕೇಳಿದರು. ತತ್ವ ಅದೇ. ಆದರೆ ಹಿತ್ತಲ ಬಾಳೆಗೆ ಹೋಗುತ್ತಿದ್ದದ್ದು ಆರೇಳು ಜನರ ಸ್ನಾನದ ನೀರು, ಅದೂ ಕಡಲೆಹಿಟ್ಟು ಸೀಗೆಕಾಯಿಯದು. ಇಲ್ಲಿ 220 ಜನ, ಡಿಟರ್ಜೆಂಟ್ ಪುಡಿ, ಅಡುಗೆಮನೆಯ ಎಣ್ಣೆಜಿಡ್ಡಿನ ಮುಸುರೆ. ನಾಲ್ಕು ಬಾಳೆ ನೆಟ್ಟರೆ ಅವೇ ಕೊಳೆಯುತ್ತವೆ. ಹಳೆಯದನ್ನು ಹೊಗಳುವುದು ನನಗೂ ಇಷ್ಟ, ಆದರೆ ಲೆಕ್ಕ ಹಾಕಿದ ಮೇಲೆ.

ಲೆಕ್ಕ ಹೀಗೆ. ದಿನಕ್ಕೆ ಸುಮಾರು 9,000 ಲೀಟರ್ ನೀರು ಮೂರು ದಿನ ಜಲ್ಲಿಯೊಳಗೆ ನಿಲ್ಲಬೇಕು ಎಂದು ಹಿಡಿದೆ. ಅಂದರೆ 27,000 ಲೀಟರ್. ಜಲ್ಲಿಯ ನಡುವೆ ನೀರಿಗೆ ಸಿಗುವ ಸಂದು ನೂರಕ್ಕೆ 40 ಪಾಲು, ನೀರಿನ ಆಳ ಎರಡಡಿ. ಆಗ ಬೇಕಾಗುವ ಜಾಗ ಸುಮಾರು 112 ಚದರ ಮೀಟರ್. ಅಂಗಳದಲ್ಲಿ ಮಕ್ಕಳು ಸುಣ್ಣದ ಗೆರೆ ಹಾಕಿದ್ದ ವಾಲಿಬಾಲ್ ಕೋರ್ಟ್ 162 ಚದರ ಮೀಟರ್. ಹೆಡ್‌ಮಾಸ್ಟರು ಇದಕ್ಕೊಂದು ಎಕರೆ ಬೇಕಾದೀತು ಎಂದುಕೊಂಡಿದ್ದರು, ಕೋರ್ಟಿಗಿಂತ ಚಿಕ್ಕದು ಎಂದಾಗ ಕುರ್ಚಿ ಎಳೆದುಕೊಂಡು ಕೂತರು. ಜಲ್ಲಿಗೆ ಬರವಿಲ್ಲ, ಸುತ್ತ ಇರುವುದೇ ಕಲ್ಲು ಕ್ವಾರಿ.

ತೊಡಕಿದ್ದದ್ದು ನೆಲದಲ್ಲಿ. ಎರೆಮಣ್ಣು ತೇವವಿದ್ದಾಗ ಹನಿ ನೀರು ಬಿಡುವುದಿಲ್ಲ, ಒಣಗಿದರೆ ಕೈ ತೂರುವಷ್ಟು ಬಿರುಕು. ಬರೀ ಮಣ್ಣಿನ ತೊಟ್ಟಿ ಮಾಡಿದರೆ ಮೊದಲ ಬೇಸಿಗೆಗೇ ಸೋರುತ್ತದೆ. ಕಲ್ಲು ಕಟ್ಟಿ ಒಳಗೆ ಗಾರೆ ಮಾಡಿಸಬೇಕು, ಖರ್ಚೆಲ್ಲ ಅಲ್ಲೇ. ಮುಸುರೆ ನೀರು ಮೊದಲು ಜಿಡ್ಡು ತೇಲುವ ಚಿಕ್ಕ ತೊಟ್ಟಿಗೆ ಹೋಗಬೇಕು, ಇಲ್ಲದಿದ್ದರೆ ಬಾಯಿಯ ಜಲ್ಲಿ ವರ್ಷದೊಳಗೆ ಕಟ್ಟಿಕೊಳ್ಳುತ್ತದೆ. ಆ ಜಿಡ್ಡನ್ನು ವಾರಕ್ಕೊಮ್ಮೆ ಒಬ್ಬರು ತೆಗೆಯಬೇಕು. ಶೌಚಾಲಯದ ಕೊಳೆಯನ್ನು ಇದಕ್ಕೆ ಸೇರಿಸುವುದೇ ಬೇಡ, ಅದರ ಗುಂಡಿ ಅದಕ್ಕಿರಲಿ ಎಂದೆ.

ನಿಜವಾದ ಗಂಟು ಸಿಕ್ಕಿದ್ದು ಶಾಲೆಯ ಕ್ಯಾಲೆಂಡರಿನಲ್ಲಿ. ಜೌಗಿಗೆ ದಿನಾ ಒಂದೇ ಸಮ ನೀರು ಬೇಕು. ಶಾಲೆ ಹಾಗೆ ಬದುಕುವುದಿಲ್ಲ. ಭಾನುವಾರ ಎಲ್ಲರೂ ಬಟ್ಟೆ ಒಗೆಯುತ್ತಾರೆ, ಒಂದೇ ಬೆಳಗ್ಗೆ ಎರಡು ದಿನದ ನೀರು ನುಗ್ಗುತ್ತದೆ. ದಸರೆಗೆ ಬೀಗ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಬೀಗ. ಜೊಂಡಿಗೆ ಅತಿ ಹೆಚ್ಚು ನೀರು ಬೇಕಾದ ತಿಂಗಳಲ್ಲೇ ಹನಿಯೂ ಬರುವುದಿಲ್ಲ. ಮೇ ಬಿಸಿಲಿನಲ್ಲಿ ದಿನಕ್ಕೆ 10 ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿದರೆ ಈ ಮಡಿಯಿಂದ ದಿನಕ್ಕೆ 1,100 ಲೀಟರ್ ಆಕಾಶಕ್ಕೆ ಹೋಗುತ್ತದೆ. ತುಂಬಿದ ತೊಟ್ಟಿ 25 ದಿನ ಬಂದೀತು. ರಜೆ ಅದರ ಎರಡರಷ್ಟು ಹತ್ತಿರ. ಶಾಲೆ ಮತ್ತೆ ತೆರೆದ ದಿನ 220 ಮಕ್ಕಳ ನೀರು ಬಂದು ಬೀಳುವುದು ಒಣಗಿದ ಜಲ್ಲಿಯ ಮೇಲೆ. ಭಾನುವಾರದ್ದು ಸುಲಭ, ನಡುವೆ ಒಂದು ಸಣ್ಣ ತೊಟ್ಟಿ ಕಟ್ಟಿ ನಿಧಾನವಾಗಿ ಬಿಡಬಹುದು. ರಜೆಯದ್ದಕ್ಕೆ ಹೊರ ಕೊಳವೆ ಮುಚ್ಚಿ, ಜೊಂಡನ್ನು ಬುಡಕ್ಕೆ ಕೊಯ್ದು, ಮೇ ನಡುವೆ ಎರಡು ಮೂರು ಟ್ಯಾಂಕರ್ ಹೊಯ್ಯಬೇಕು. ಕುಡಿಯುವುದಕ್ಕೇ ಟ್ಯಾಂಕರ್ ಕಾಯುವ ಊರಲ್ಲಿ ಜೊಂಡಿಗೆ ಟ್ಯಾಂಕರ್ ತರಿಸಿದರೆ ಪಂಚಾಯಿತಿಯವರು ಏನನ್ನುತ್ತಾರೆ, ನೀವೇ ಊಹಿಸಿ. ಹೊಲಕ್ಕೆ ಹೊಯ್ಯುವ ಉಪ್ಪು ಬೋರಿನ ನೀರೂ ನಡೆಯುತ್ತದೆ ಎಂದು ಹೇಳಿ ಬಂದಿದ್ದೇನೆ. ಜೊಂಡು ಒಂದಿಷ್ಟು ಉಪ್ಪು ತಡೆಯುತ್ತದೆ.

ಉಪ್ಪಿನ ಮಾತು ಬಂದದ್ದಕ್ಕೆ ಇನ್ನೊಂದು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಒಣ ಸೀಮೆಯ ಜೌಗಿನಿಂದ ಹೊರಬರುವ ನೀರು ಒಳಹೋದದ್ದಕ್ಕಿಂತ ಉಪ್ಪಾಗಿರುತ್ತದೆ, ಸಾಬೂನಿನ ಸೋಡಾ ಬೇರೆ. ಅದನ್ನು ವರ್ಷಗಟ್ಟಲೆ ಎರೆಮಣ್ಣಿನ ಕೈತೋಟಕ್ಕೆ ಬಿಟ್ಟರೆ ನೆಲ ಸಿಮೆಂಟಾಗುತ್ತದೆ. ಅದಕ್ಕೇ ಮೊದಲು ಶೌಚಾಲಯಕ್ಕೆ, ಮಿಕ್ಕಿದ್ದು ಬೇಲಿಯ ಬೇವು, ಹೊಂಗೆಗೆ. ಸೊಪ್ಪು ತರಕಾರಿಗೆ ಬೇಡ, ರೋಗಾಣುಗಳು ಪೂರ್ತಿ ಸತ್ತಿರುವುದಿಲ್ಲ. ಶೌಚಾಲಯದ ತೊಟ್ಟಿಗೂ ಬ್ಲೀಚಿಂಗ್ ಪುಡಿ ಹಾಕಿ, ಆ ಕೊಳವೆಗೆ ಬೇರೆ ಬಣ್ಣ ಬಳಿಯಿರಿ ಎಂದೆ. ನಮ್ಮ ಓದುಗರಲ್ಲಿ ಮಸ್ಕತ್ತಿನವರೂ ಇರಬಹುದು, ಅವರಿಗೆ ಗೊತ್ತಿರುತ್ತದೆ: ಒಮಾನ್‌ನ ನಿಮ್ರ್ ಎಂಬಲ್ಲಿ, ಅಪ್ಪಟ ಮರಳುಗಾಡಿನ ನಡುವೆ, ತೈಲಬಾವಿಯಿಂದ ಬರುವ ಎಣ್ಣೆ ಬೆರೆತ ನೀರನ್ನು ನೂರಾರು ಹೆಕ್ಟೇರ್ ಜೊಂಡಿನ ಗದ್ದೆಗಳಲ್ಲಿ ಹಾಯಿಸುತ್ತಾರೆ. ಅಲ್ಲೂ ಇಳಿಜಾರೇ ಎಂಜಿನ್. ಗದ್ದೆಗಳ ಆಚೆ ನೀರು ಆವಿಯಾಗಿ ಉಪ್ಪು ಉಳಿಯುವ ಕೊಳಗಳೂ ಇವೆ. ಮರುಭೂಮಿಯಲ್ಲಿ ಜೊಂಡು ಬೆಳೆಯುತ್ತದೆಯೇ ಎಂಬ ಅನುಮಾನಕ್ಕೆ ಅಲ್ಲಿ ಉತ್ತರವಿದೆ. ಅಲ್ಲಿ ಕಾವಲಿಗೆ ಒಂದು ಕಂಪನಿಯೇ ಇದೆ, ನಮ್ಮ ಶಾಲೆಯಲ್ಲಿ ಒಬ್ಬ ವಾರ್ಡನ್ ಮತ್ತು ಅಡುಗೆಯ ಇಬ್ಬರು.

ಹಾಗಾಗಿ ಸಂಜೆ ಮಾತುಕತೆ ಜಲ್ಲಿ ಬಿಟ್ಟು ಜನರ ಮೇಲೆ ಬಂತು. ಹಾವು ಬರುತ್ತದೆ ಎಂದರು ಒಬ್ಬರು. ನಿಂತ ನೀರಿಗೆ ಕಪ್ಪೆ, ಕಪ್ಪೆಗೆ ಹಾವು ಈಗಲೂ ಬರುತ್ತಿದೆ, ತಂತಿ ಬೇಲಿ ಹಾಕಿ ಎಂದೆ. ದುಡ್ಡು ಯಾವ ಹೆಡ್ಡಿನಲ್ಲಿ ಎಂದರು ಇನ್ನೊಬ್ಬರು. ಆ ವಿದ್ಯೆ ನನಗಿಲ್ಲ. ನಮ್ಮ ಕಡೆಯ ಶಾಲೆಗಳಲ್ಲಿ ಕಟ್ಟಿ, ಉದ್ಘಾಟಿಸಿ, ಮರೆತ ಸಾಮಾನುಗಳ ಒಂದು ಕೋಣೆಯೇ ಇರುತ್ತದೆ. ಇಲ್ಲಿಯೂ ಕೆಟ್ಟುನಿಂತ ನೀರು ಸೋಸುವ ಯಂತ್ರ ಧೂಳು ಹಿಡಿದು ಕೂತಿತ್ತು, ಫಿಲ್ಟರ್ ಬದಲಿಸಲು ಯಾರೂ ಬಂದಿರಲಿಲ್ಲವಂತೆ. ಜೌಗು ಹಾಗೆ ಒಂದೇ ದಿನಕ್ಕೆ ಕೆಡುವುದಿಲ್ಲ, ನಿಧಾನವಾಗಿ ಕೆಡುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ಹೇಳಲಾರೆ. ನಿಧಾನವಾಗಿ ಕೆಡುವುದನ್ನು ಯಾರೂ ಗಮನಿಸುವುದಿಲ್ಲ. ಆದರೆ ರಿಪೇರಿಗೆ ಹೈದರಾಬಾದಿನಿಂದ ಮೆಕ್ಯಾನಿಕ್ ಬೇಕಿಲ್ಲ. ಕುಡುಗೋಲು, ಸಲಿಕೆ, ಜಿಡ್ಡು ತೆಗೆಯಲು ಒಂದು ಜಾಲರಿ. ಇದು ನನ್ನ ಮಟ್ಟಿಗೆ ದೊಡ್ಡ ವಾದ.

ಹೆಡ್‌ಮಾಸ್ಟರು ಒಮ್ಮೆಗೇ ಅಷ್ಟೂ ಕಟ್ಟಲು ಒಪ್ಪಲಿಲ್ಲ. ಹುಡುಗಿಯರ ಬಚ್ಚಲಿನ ಒಂದು ಸಾಲಿನ ನೀರಿಗಷ್ಟೇ, ಕೋರ್ಟಿನ ಕಾಲು ಭಾಗದ ಮಡಿ ಮಾಡಿ ಒಂದು ವರ್ಷ ನೋಡೋಣ ಎಂದರು. ನಾನು ನಕ್ಷೆ ಬರೆದು ಕಳಿಸಿದ್ದೇನೆ. ಸುಣ್ಣದ ಗೆರೆ ಹಾಕಿದ್ದಾರೆ, ಅಗೆಯುವುದು ಮಳೆಗೆ ಮೊದಲು ಆಗಬೇಕು. ಜೊಂಡಿನ ಗಡ್ಡೆಗಳನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಮಕ್ಕಳೇ ನಕ್ಕರು. ತುಂಗಭದ್ರಾ ಎಡದಂಡೆಯ ಉಪಕಾಲುವೆಯ ತುಂಬ ಅದೇ ಬೆಳೆದು ನೀರಿಗೆ ಅಡ್ಡಿಯಾಗಿದೆ ಎಂದು ರೈತರು ಬೈಯುತ್ತಿರುತ್ತಾರಂತೆ, ಕಿತ್ತುಕೊಂಡು ಹೋದರೆ ಚಹಾ ಕೊಟ್ಟು ಕಳಿಸುತ್ತಾರೆ.

ಅಡುಗೆಯ ಅಕ್ಕ ಇಷ್ಟೊತ್ತೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಜಿಡ್ಡು ತೆಗೆಯುವ ಕೆಲಸ ಯಾರ ಪಾಲಿಗೆ ಬರುತ್ತದೆಂದು ಅವರಿಗೆ ಆಗಲೇ ತಿಳಿದಿತ್ತು. 'ಕೊಯ್ದ ಹುಲ್ಲು ಎಮ್ಮಿ ತಿಂತಾದೇನ್ರಿ ಸರ್?' ಎಂದು ಕೇಳಿದರು. ಎಳೆಯದಿದ್ದಾಗ ತಿನ್ನುತ್ತದೆ, ಬಲಿತರೆ ಮೂಸುವುದಿಲ್ಲ ಎಂದೆ. 'ಹಂಗಾದ್ರ ತಿಂಗಳಿಗೊಮ್ಮಿ ನಾನೇ ಕೊಯ್ತೀನಿ, ಅದನ್ನ ಮತ್ತ್ಯಾರಿಗೂ ಹೇಳಬ್ಯಾಡ್ರಿ' ಎಂದು ಒಳಗೆ ಹೋದರು.